ಇಂಚಮ್ಮನ ಟೇಪು, ಮೂವತ್ತಡಿ ಬೀದಿ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಇಂಚಮ್ಮ. ಬೆನ್ನ ಹಿಂದೆ ಮಾತ್ರ ಅನ್ನುತ್ತಿದ್ದರು. ಯಾರಾದರೂ ಮರೆತು ಎದುರಿಗೇ ಅಂದುಬಿಟ್ಟರೆ ದೊಡ್ಡಮ್ಮ ಕೋಪ ಮಾಡಿಕೊಳ್ಳುತ್ತಿರಲಿಲ್ಲ. "ಇಂಚು ಅಂದ್ರೆ ಹಗುರ ಅಂದ್ಕೊಂಡ್ರಾ? ಕಾಲಿಂಚು ತಪ್ಪಿದ್ರೆ ಇಡೀ ಕೋಟು ಹಾಳು" ಎಂದು ಅವರಿಗೇ ಪಾಠ ಹೇಳುತ್ತಿದ್ದಳು.

ಹದಿನಾರನೇ ವಯಸ್ಸಿಗೆ ಅಂಗಿ ಕಾರ್ಖಾನೆಗೆ ಸೇರಿದವಳು ಒಂಬತ್ತು ವರ್ಷ ಬರೀ ಕಾಲರು ಹೊಲಿದಳು. ಒಂದು ತೋಳಿಲ್ಲ, ಒಂದು ಜೇಬಿಲ್ಲ, ದಿನಕ್ಕೆ ಇನ್ನೂರು ಕಾಲರು. ಅಲ್ಲಿಯ ಕಟಿಂಗ್ ಮಾಸ್ಟರು ಕೆಲಸ ಬಿಡುವ ದಿನ ತಮ್ಮ ಟೇಪನ್ನು ಇವಳ ಕೊರಳಿಗೆ ಹಾಕಿ ಒಂದೇ ಮಾತು ಹೇಳಿದರಂತೆ: "ಅಳೆದ ಟೇಪಲ್ಲೇ ಕತ್ತರಿಸು. ಎರಡು ಟೇಪು ಮುಟ್ಟಿದವಳು ಕೆಟ್ಟಳು." ಆಮೇಲೆ ಕಾರ್ಖಾನೆ ಮುಚ್ಚಿತು, ದೊಡ್ಡಪ್ಪ ತೀರಿಕೊಂಡ. ದೊಡ್ಡಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಯಂತ್ರ ಹಾಕಿಕೊಂಡು ಕೂತಳು. ಒಂದು ಐದಾಯಿತು. ಅವಳೂ ನಾಲ್ಕು ಜನ ಹೆಂಗಸರೂ ಯಂತ್ರಕ್ಕೆ. ಗುಂಡಿ, ಕೈಹೊಲಿಗೆ ಮತ್ತು ಸರ್ಕಾರದ ಕಾಗದ ಓದುವುದು ನನ್ನ ಪಾಲಿಗೆ. ನಾನು ಅವಳ ತಂಗಿಯ ಮಗಳು, ಅವಳ ಜೊತೆಗೇ ಇರುವವಳು.

ಅಳತೆ ವಿಷಯಕ್ಕೆ ಬಂದರೆ ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳೇ ಅಳೆದು ಹೊಲಿದದ್ದು ಮೈಗೆ ಅಂಟಿದ ಹಾಗೆ ಕೂರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸುವವರ ಬಟ್ಟೆ ಮಾತ್ರ ಈಚೆಗೆ ದೊಗಲೆ. ಅವರು ಬಂದು ದೂರಿದರೆ ದೊಡ್ಡಮ್ಮ ಕಣ್ಣು ಮಿಟುಕಿಸದೆ, "ನನ್ನ ಅಳತೆ ತಪ್ಪಲ್ಲ. ನೀವು ಸೊರಗಿದೀರಿ" ಅನ್ನುತ್ತಿದ್ದಳು. ಇದನ್ನು ಹೆಚ್ಚು ಸಲ ಕೇಳಿಸಿಕೊಂಡವರು ಎದುರು ಮನೆಯ ಟೀಚರಮ್ಮ. ಒಂಟಿ ಹೆಂಗಸು, ನಿವೃತ್ತಿಯಾಗಿ ಐದು ವರ್ಷ. ಯಾರಾದರೂ ಮೈ ಮುಟ್ಟಿ ಅಳೆಯುವುದು ಅವರಿಗೆ ಆಗದು. ಎಂದೋ ಒಮ್ಮೆ ತಾವೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ಪ್ರತಿ ಸಲವೂ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಕಳಿಸುತ್ತಿದ್ದರು. ದೊಡ್ಡಮ್ಮ ಆ ಚೀಟಿಗಳನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದಳು.

ಇಷ್ಟರಲ್ಲಿ ನಗರ ಯೋಜನೆ ಕಚೇರಿಯಿಂದ ನೋಟೀಸು ಬಂತು. ನಾನು ಎರಡು ಸಲ ಓದಿ ಅರ್ಥ ಹೇಳಿದೆ: ಇದು ವಸತಿ ವಲಯ, ಇಲ್ಲಿ ಅನುಮತಿಯಿಲ್ಲದೆ ಉದ್ಯಮ ನಡೆಸುತ್ತಿದ್ದೀರಿ ಎಂದು ದೂರು ಬಂದಿದೆ, ಮೂರು ತಿಂಗಳಲ್ಲಿ ಅನುಮತಿ ತನ್ನಿ, ಇಲ್ಲದಿದ್ದರೆ ಬೀಗ.

"ಉದ್ಯಮವಾ?" ದೊಡ್ಡಮ್ಮ ಸುತ್ತ ನೋಡಿದಳು. "ಇದು ನನ್ನ ಹಜಾರ ಕಣೇ."

ಮಾರನೇ ದಿನವೇ ಕಚೇರಿಗೆ ಹೋದೆವು. ಗೋಡೆ ತುಂಬ ಊರಿನ ನಕ್ಷೆ, ಬಣ್ಣ ಬಣ್ಣದ್ದು. ಮೂರನೇ ಕಿಟಕಿಯ ಗುಮಾಸ್ತರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ಲು ತೆಗೆದು ನಮ್ಮ ಬೀದಿಯ ಮೇಲಿಟ್ಟರು.

"ನಿಮ್ಮದು ಹಳದಿ. ಹಳದಿ ಅಂದ್ರೆ ವಾಸ. ಹಿಂದಿನ ಬೀದಿ ನೀಲಿ, ಅಲ್ಲಿ ವ್ಯಾಪಾರ ಮಾಡಬಹುದು."

"ಹಳದೀಲಿ ಏನು ಮಾಡಬಹುದು?"

"ವಾಸ ಮಾಡಬಹುದಮ್ಮಾ."

"ವಾಸ ಮಾಡೋರಿಗೆ ಹೊಟ್ಟೆ ಇರಲ್ವಾ ಸ್ವಾಮಿ?"

ನಾನು ಅವಳ ಸೆರಗು ಜಗ್ಗಿದೆ. ಗುಮಾಸ್ತರು ಮಾತ್ರ ನಗಲೂ ಇಲ್ಲ, ಸಿಡುಕಲೂ ಇಲ್ಲ. ಒಳ್ಳೆಯ ಮನುಷ್ಯ, ಮಾತು ಮಾತ್ರ ಒಣ. ಮೂರು ಯಂತ್ರದವರೆಗೂ ಮನೆಕೆಲಸ, ಅನುಮತಿಯೇ ಬೇಡ. ಅದಕ್ಕಿಂತ ಹೆಚ್ಚಾದರೆ ಉದ್ಯಮ. ಹಳದಿಯಲ್ಲಿ ಉದ್ಯಮ ಬೇಕೆಂದರೆ ಬೀದಿ ಗೋಡೆಯಿಂದ ಗೋಡೆಗೆ ಮೂವತ್ತಡಿ ಅಗಲ ಇರಬೇಕು, ಸಾಮಾನಿನ ಗಾಡಿ ನಿಂತಿದ್ದರೂ ಪಕ್ಕದಲ್ಲಿ ಬೆಂಕಿ ಎಂಜಿನ್ನು ದಾಟಬೇಕು ಎಂದು ವಿವರಿಸಿದರು. ಆಮೇಲೆ ಒಂದು ದಪ್ಪ ಪುಸ್ತಕ ತಿರುವಿ, "ನಿಮ್ಮ ಬೀದಿ ಇಪ್ಪತ್ತೊಂಬತ್ತು" ಅಂದರು.

"ಯಾರು ಅಳೆದಿದ್ದು?"

"ಯಾರೋ, ಯಾವಾಗಲೋ. ಪುಸ್ತಕದಲ್ಲಿದೆ."

"ಹಾಗಾದ್ರೆ ಮತ್ತೆ ಅಳೀರಿ."

ಗುಮಾಸ್ತರು ಪೆನ್ಸಿಲ್ಲು ಕೆಳಗಿಟ್ಟರು. "ಅರ್ಜಿ ಕೊಟ್ರೆ ಅಳೀತಾರೆ. ಆದ್ರೆ ಕೇಳಿ. ಅರ್ಜಿ ಹಾಕಿದ್ರೆ ಇದು ಉದ್ಯಮ ಅಂತ ನೀವೇ ಬರೆದುಕೊಟ್ಟ ಹಾಗೆ. ಅಳತೆ ಒಂದೇ ಸಲ. ಕಮ್ಮಿ ಬಂತು ಅಂದ್ರೆ ಐದೂ ಯಂತ್ರಕ್ಕೂ ಬೀಗ. ಅದರ ಬದಲು ಎರಡು ಯಂತ್ರ ಈಗಲೇ ತೆಗೆದುಬಿಡಿ, ಯಾರೂ ನಿಮ್ಮ ತಂಟೆಗೆ ಬರಲ್ಲ. ಹಾಕಲೇಬೇಕು ಅಂದ್ರೆ ಮೊದಲು ನೀವೇ ಅಳೆದು ನೋಡ್ಕೊಳ್ಳಿ."

ಅವರ ಮುಂದಿನ ಕಡತದಲ್ಲಿ ದೂರಿನ ಕಾಗದ ಮೇಲೆಯೇ ಇತ್ತು. ಮುತ್ತಿನಂಥ ಅಕ್ಷರ. ನನಗೆ ಮೈಯೆಲ್ಲ ಉರಿದುಹೋಯಿತು. ಆಚೆ ಬಂದು ಹೇಳಿದರೆ ದೊಡ್ಡಮ್ಮ, "ನೋಡಿದೆ. ಹೊಲಿಗೆ ಹಾಕ್ತಾ ಇದ್ದಾಗ ಅತ್ತ ಇತ್ತ ನೋಡಬಾರದು, ಬೆರಳಿಗೆ ಸೂಜಿ ಹೋಗುತ್ತೆ" ಎಂದು ಬಿರಬಿರನೆ ನಡೆದಳು.

ಭಾನುವಾರ ಬೆಳಗ್ಗೆ ಬೀದಿ ಅಳೆದೆವು. ನಾನು ಗೋಡೆಗೆ ಒತ್ತಿ ಟೇಪಿನ ತುದಿ ಹಿಡಿದೆ, ಅವಳು ಎಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿದಳು. ಅರವತ್ತಿಂಚಿಗೊಂದು ಗೆರೆ. ಚಪ್ಪಡಿ ಮುಚ್ಚಿದ ಮೋರಿಯ ಮೇಲಿಂದ ಹಿಡಿದು ಎದುರು ಮನೆಯ ಗೋಡೆಯವರೆಗೆ ಬೀದಿಗೆ ಅಡ್ಡಲಾಗಿ ಇಬ್ಬರೂ ಬಗ್ಗಿಕೊಂಡು ಹೋಗುತ್ತಿದ್ದರೆ ಪಕ್ಕದ ಮನೆಯ ಬಡಗಿ ಸುಮ್ಮನಿರುತ್ತಾನೆಯೇ?

"ಏನಕ್ಕಾ, ಬೀದಿಗೂ ಕೋಟು ಹೊಲೀತಿದೀರಾ?"

"ಹೂಂ, ನಿನ್ನ ಬಾಯಿಗೂ ಒಂದು ಗುಂಡಿ ಹಾಕ್ತೀನಿ ಬಾ" ಅಂದಳು ದೊಡ್ಡಮ್ಮ.

ಐದು ಟೇಪು, ಮೇಲೆ ಐವತ್ತಮೂರು ಇಂಚು. ಇಪ್ಪತ್ತೊಂಬತ್ತು ಅಡಿ ಐದು ಇಂಚು. ಮೂರು ಸಲ ಅಳೆದರೂ ಅಷ್ಟೇ. ಏಳಿಂಚು ಕಡಿಮೆ. ಟೀಚರಮ್ಮ ತಮ್ಮ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ದೊಡ್ಡಮ್ಮ ಸೀಮೆಸುಣ್ಣದ ಕೈಯನ್ನು ಒರೆಸಿಕೊಂಡು, "ನನ್ನ ಅಳತೆ ತಪ್ಪಲ್ಲ" ಅಂದಳು. ಆ ಮಾತನ್ನು ಅವಳು ಅಷ್ಟು ಮೆತ್ತಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಒಳಗೆ ಬಂದ ಮೇಲೆ ಟೇಪನ್ನು ತನ್ನ ಕೈಚೀಲಕ್ಕೆ ತುರುಕಿ ಚೀಲವನ್ನು ಒಳಕೋಣೆಯ ಗೂಟಕ್ಕೆ ನೇತುಹಾಕಿದಳು. ಊಟಕ್ಕೆ ಕೂತಾಗ ನಾನು ಬಾಯಿಬಿಟ್ಟೆ: "ಎರಡು ಯಂತ್ರ ತೆಗೆಯೋಣ ದೊಡ್ಡಮ್ಮ. ಐದೂ ಹೋಗೋದಕ್ಕಿಂತ ಮೂರು ಉಳಿಯೋದು ಮೇಲಲ್ವಾ?"

"ತೆಗೆಯೋಣ. ಯಾವ ಇಬ್ಬರನ್ನ ಮನೆಗೆ ಕಳಿಸ್ಲಿ, ನೀನೇ ಹೆಸರು ಹೇಳು."

ನಾನು ಮನಸ್ಸಿನಲ್ಲೇ ಒಬ್ಬೊಬ್ಬರನ್ನೇ ಎಣಿಸಿದೆ. ತೋಳು ಹಾಕುವವಳು ಮೂರು ಮಕ್ಕಳನ್ನು ಓದಿಸುತ್ತಿದ್ದಾಳೆ. ಗುಂಡಿತೂತಿನ ಕಾಜಾದವಳು ಗಂಡನ ಹೊಡೆತ ತಾಳದೆ ಆಚೆ ಬಂದು ಈ ಕೋಣೆಯಲ್ಲೇ ತಲೆ ಎತ್ತಿದವಳು. ಜೇಬಿನವಳಿಗೆ ಒಂದು ಕಿವಿ ಕೇಳದು, ಬೇರೆ ಕಡೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಸೊಂಟಪಟ್ಟಿಯವಳು ಬಂದೇ ಒಂದು ತಿಂಗಳು, ಅವಳನ್ನಾದರೂ ಅನ್ನೋಣವೆಂದರೆ ಅವಳಷ್ಟು ನಗಿಸುವವರು ಇನ್ನೊಬ್ಬರಿಲ್ಲ.

"ಹೇಳಕ್ಕಾಗಲ್ಲ ಅಲ್ವಾ? ಹಾಗಾದ್ರೆ ಸುಮ್ಮನೆ ಉಣ್ಣು. ದಾರಿ ಹುಡುಕ್ತೀನಿ" ಅಂದಳು.

ದಾರಿ ತೋರಿಸಿದವಳು ಆ ಸೊಂಟಪಟ್ಟಿಯವಳೇ, ಅದೂ ತಪ್ಪು ಮಾಡಿ. ಸೋಮವಾರ ಆಸ್ಪತ್ರೆ ಸಿಬ್ಬಂದಿಯ ಪ್ಯಾಂಟುಗಳು ಮೇಜಿನ ಮೇಲಿದ್ದವು. ದೊಡ್ಡಮ್ಮ ಹಿಂದಿನ ವಾರವೇ ಅಳೆದು ಕಾಲುಗಳನ್ನು ಕತ್ತರಿಸಿಟ್ಟಿದ್ದಳು, ಸೊಂಟಪಟ್ಟಿ ಮಾತ್ರ ಬಾಕಿ. ಟೇಪು ಎಂದಿನ ಮೊಳೆಯ ಮೇಲೆ ಇಲ್ಲ. ದೊಡ್ಡಮ್ಮನ ಮುಖ ನೋಡಿ ಕೇಳಲು ಹೆದರಿದ ಸೊಂಟಪಟ್ಟಿಯವಳು ತನ್ನ ಚೀಲದಲ್ಲಿದ್ದ ಹೊಸ ಟೇಪು ತೆಗೆದು ಹನ್ನೆರಡು ಪಟ್ಟಿ ಕತ್ತರಿಸಿದಳು. ಹಚ್ಚಲು ಹೋದರೆ ನಲವತ್ತಿಂಚಿನ ಸೊಂಟಕ್ಕೆ ಪಟ್ಟಿ ಒಂದಿಂಚು ಸಾಲದು. ಎಲ್ಲವೂ ಗಿಡ್ಡ!

"ಯಾವ ಟೇಪು ಮುಟ್ಟಿದ್ಯೇ?" ದೊಡ್ಡಮ್ಮನ ಕೂಗಿಗೆ ಯಂತ್ರಗಳೆಲ್ಲ ನಿಂತವು. ಒಳಗಿಂದ ತನ್ನ ಟೇಪು ತಂದು ಹೊಸದರ ಪಕ್ಕ ಮೇಜಿನ ಮೇಲೆ ಹಾಸಿದಳು. ಈ ತುದಿ ಸಮ ಮಾಡಿದರೆ ಆ ತುದಿಯಲ್ಲಿ ಮಾಸ್ಟರರ ಟೇಪು ಒಂದೂವರೆ ಇಂಚು ಮುಂದಕ್ಕೆ ಚಾಚಿಕೊಂಡಿತು.

"ನೋಡಿದ್ರಾ? ಈಗಿನ ಅಂಗಡಿ ಮಾಲೇ ಹೀಗೆ. ಟೇಪು ಕುಗ್ಗಿದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಾಯಲ್ಲಿ ಅನ್ನಲಿಲ್ಲ, ಓಡಿಹೋಗಿ ಬಡಗಿಯ ಉಕ್ಕಿನ ಅಳತೆಪಟ್ಟಿ ತಂದೆ. ಹೊಸ ಟೇಪು ಉಕ್ಕಿನ ಜೊತೆ ಗೆರೆಗೆ ಗೆರೆ ಕೂಡಿತು. ಮಾಸ್ಟರರ ಟೇಪು ಅರವತ್ತು ಅಂದ ಕಡೆ ಉಕ್ಕು ಅರವತ್ತೊಂದೂವರೆ ಅಂದಿತು. ಇಷ್ಟು ವರ್ಷ ಎಳೆದು ಎಳೆದು ಬಟ್ಟೆಯ ಟೇಪು ಹಿಗ್ಗಿತ್ತು. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದುದರಿಂದ ತಪ್ಪಿಗೆ ತಪ್ಪು ಸರಿಹೋಗಿ ಯಾರಿಗೂ ಗೊತ್ತಾಗಿರಲಿಲ್ಲ.

ನನ್ನ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು. ಹಿಗ್ಗಿದ ಟೇಪು ಕಡಿಮೆ ತೋರಿಸುತ್ತದೆ. ಹಾಗಾದರೆ ಬೀದಿ ನಾವು ಅಂದುಕೊಂಡದ್ದಕ್ಕಿಂತ ಅಗಲ! ಹೊಸ ಟೇಪು ಕಸಿದುಕೊಂಡು ದೊಡ್ಡಮ್ಮನನ್ನು ಎಳೆದುಕೊಂಡೇ ಬೀದಿಗೆ ಹೋದೆ. ನಾಲ್ವರು ಹೆಂಗಸರೂ ಹಿಂದೆ ಬಂದರು. ಒಂದು, ಎರಡು, ಮೂರು, ನಾಲ್ಕು, ಐದು, ಆರು ಟೇಪು. ಮೂವತ್ತಡಿ. ಎದುರು ಗೋಡೆಗೆ ಇನ್ನೂ ಒಂದೂಮುಕ್ಕಾಲು ಇಂಚು ಉಳಿದಿತ್ತು.

ಸೊಂಟಪಟ್ಟಿಯವಳು ನಡುಬೀದಿಯಲ್ಲೇ ಕುಣಿದಳು. ಕಾಜಾದವಳು ಅತ್ತಳು. ನಾನು ದೊಡ್ಡಮ್ಮನ ಕಡೆ ತಿರುಗಿದರೆ ಅವಳು ಎದುರು ಮನೆಯ ಕಿಟಕಿ ನೋಡುತ್ತ ನಿಂತಿದ್ದಾಳೆ, ಮುಖ ಬಿಳಿಚಿಕೊಂಡಿದೆ.

"ಹಾಗಾದ್ರೆ ಟೀಚರಮ್ಮ ಸೊರಗಿರಲಿಲ್ಲ ಕಣೇ" ಅಂದಳು.

ಅರ್ಜಿಯ ಜೊತೆ ಕೋಣೆಯ ನಕ್ಷೆ ಕೊಡಬೇಕಿತ್ತು. ದೊಡ್ಡಮ್ಮ ಹಾಳೆ ತರಲೂ ಬಿಡದೆ ಕೋಟಿನ ಮಾದರಿ ಕತ್ತರಿಸುವ ಕಂದು ಕಾಗದದಲ್ಲಿ ತಾನೇ ಬರೆದಳು. ಬಾಗಿಲು, ಕಿಟಕಿ, ಐದು ಯಂತ್ರ, ಕತ್ತರಿಸುವ ಮೇಜು, ಎಲ್ಲ ಅಚ್ಚುಕಟ್ಟು. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಗೋಡೆ ಸುತ್ತ ಇದೇನಮ್ಮಾ, ಚುಕ್ಕೆ ಗೆರೆ?"

"ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದೀನಿ."

ಆವತ್ತು ಮೊದಲ ಸಲ ಗುಮಾಸ್ತರು ನಕ್ಕರು. ನಕ್ಕು, ಪೆನ್ಸಿಲ್ಲಿನಲ್ಲಿ ಆ ಗೆರೆ ಹೊಡೆದುಹಾಕಿ, "ಅಳೆದು ನೋಡಿದ್ರಾ? ಖಾತ್ರೀನಾ?" ಎಂದು ಕೇಳಿದರು.

"ಖಾತ್ರಿ. ನನ್ನ ಟೇಪೇ ತಪ್ಪಿತ್ತು" ಅಂದಳು ದೊಡ್ಡಮ್ಮ. ಅವಳ ಬಾಯಲ್ಲಿ ತಪ್ಪು ಅನ್ನುವ ಮಾತು! ನಾನು ಗೋಡೆ ಹಿಡಿದುಕೊಂಡೆ.

ಅಳತೆಯವರು ಬರಲು ಇಪ್ಪತ್ತು ದಿನ ಹಿಡಿಯಿತು. ಅವರ ಉಕ್ಕಿನ ಟೇಪು ಚಕ್ರದಿಂದ ಸರ್ರನೆ ಬಿಚ್ಚಿಕೊಂಡು ಬೀದಿ ದಾಟಿತು. ನಾವು ಆರು ಜನ ಬಾಗಿಲಲ್ಲಿ ನಿಂತಿದ್ದೆವು. "ಮೂವತ್ತು, ಒಂದೂಮುಕ್ಕಾಲು" ಎಂದು ಒಬ್ಬರು ಕೂಗಿದರು, ಇನ್ನೊಬ್ಬರು ಬರೆದುಕೊಂಡರು. ಹಿಂದೆ ಮೋರಿ ತೆರೆದಿತ್ತಂತೆ, ಆಗ ಅಳೆದವರು ಮೋರಿಯನ್ನು ಬಿಟ್ಟು ಅಳೆದಿದ್ದರಂತೆ. ಅಷ್ಟೇ ವಿಷಯ.

ಆದರೆ ಕೈಗೆ ಬಂದ ತುತ್ತು ಇನ್ನೂ ಬಾಯಿಗೆ ಬಂದಿರಲಿಲ್ಲ. ಹಳದಿಯಲ್ಲಿ ಉದ್ಯಮಕ್ಕೆ ಅನುಮತಿ ಕೊಡುವ ಮೊದಲು ನೆರೆಯವರ ಆಕ್ಷೇಪಣೆ ಕೇಳಬೇಕು. ನಮ್ಮ ಬಾಗಿಲಿಗೆ ಕಾಗದ ಅಂಟಿಸಿ ಹದಿನೈದು ದಿನ ಗಡುವು ಕೊಟ್ಟರು. ಆರನೇ ದಿನ ಟೀಚರಮ್ಮನ ಆಕ್ಷೇಪಣೆ ಬಿತ್ತು: ಬೆಳಗ್ಗೆಯಿಂದ ರಾತ್ರಿಯವರೆಗೆ ಯಂತ್ರಗಳ ಸದ್ದು, ಅನುಮತಿ ಕೊಡಕೂಡದು. ಬೀದಿಯಲ್ಲಿ ಬೇರೆ ಒಬ್ಬರೂ ಬರೆದಿರಲಿಲ್ಲ. ಗುಮಾಸ್ತರು ವಿಚಾರಣೆಯ ದಿನ ಗೊತ್ತುಮಾಡಿ, "ಎದುರು ಮನೆಯವರದೇ ತಕರಾರು ಅಂದ್ರೆ ಕಷ್ಟ ಅಮ್ಮಾ" ಅಂದರು.

ವಿಚಾರಣೆಗೆ ಮೂರು ದಿನ ಇರುವಾಗ ಸಂಜೆ ದೊಡ್ಡಮ್ಮ ತಂತಿಯಿಂದ ಟೀಚರಮ್ಮನ ಚೀಟಿಗಳನ್ನೆಲ್ಲ ಬಿಡಿಸಿಕೊಂಡು, ಹಳೆಯ ಟೇಪನ್ನೂ ಸುತ್ತಿ ಕೈಯಲ್ಲಿ ಹಿಡಿದು ಹೊರಟಳು.

"ಆಕ್ಷೇಪಣೆ ವಾಪಸ್ ತಗೊಳ್ಳಿ ಅಂತ ಕೈ ಮುಗಿದಾದ್ರೂ ಕೇಳು ದೊಡ್ಡಮ್ಮ" ಅಂದೆ.

"ಅದು ಬೇರೆ, ಇದು ಬೇರೆ. ಎರಡನ್ನೂ ಒಂದೇ ದಾರದಲ್ಲಿ ಹೊಲಿಯಲ್ಲ ನಾನು."

ಟೀಚರಮ್ಮ ಬಾಗಿಲು ಅರ್ಧ ತೆರೆದರು. ಮೈಮೇಲೆ ನಾವು ಹೊಲಿದ ಬೂದು ಅಂಗಿ, ಭುಜದಿಂದ ಜಾರುತ್ತಿತ್ತು. ಒಳಗೆ ಬನ್ನಿ ಅನ್ನಲಿಲ್ಲ.

"ಸದ್ದಿನ ವಿಷಯಕ್ಕೆ ಬಂದಿಲ್ಲ ಟೀಚರಮ್ಮಾ" ಅಂದಳು ದೊಡ್ಡಮ್ಮ. "ನನ್ನ ಟೇಪು ಹಿಗ್ಗಿತ್ತು. ನೀವು ಬರೆದದ್ದು ಸರಿಯಾಗೇ ಇತ್ತು, ನಾನು ಕತ್ತರಿಸಿದ್ದು ತಪ್ಪು. ವರ್ಷ ವರ್ಷ ಟೇಪು ಹಿಗ್ಗುತ್ತಾ ಹೋಯ್ತು, ನಿಮ್ಮ ಬಟ್ಟೆ ದೊಗಲೆ ಆಗ್ತಾ ಹೋಯ್ತು. ನೀವು ಸೊರಗಿದೀರಿ ಅಂತ ನಿಮ್ಮ ಮೇಲೇ ಹಾಕಿದೆ. ತಪ್ಪಾಯ್ತು."

ಟೀಚರಮ್ಮ ಟೇಪನ್ನು ನೋಡಿದರು, ಚೀಟಿಗಳನ್ನು ನೋಡಿದರು.

"ನಮ್ಮಕ್ಕ ಹೀಗೇ ಹೋಗಿದ್ದು ಗೊತ್ತಾ ನಿಮಗೆ?" ಅಂದರು ಕೊನೆಗೆ. "ವರ್ಷ ವರ್ಷ ಸೊರಗ್ತಾ ಸೊರಗ್ತಾ ಹೋದ್ಲು. ನನಗೂ ಅದೇ ಬಂತು ಅಂದ್ಕೊಂಡೆ. ಮೂರು ವರ್ಷದಿಂದ ಆಸ್ಪತ್ರೆ ಸುತ್ತಿದೀನಿ. ಏನೂ ಇಲ್ಲ ಅಂತಾರೆ ಡಾಕ್ಟರು. ನನ್ನ ಹತ್ರ ಮುಚ್ಚಿಡ್ತಿದಾರೆ ಅಂತ ಅವರ ಮೇಲೂ ಜಗಳ ಆಡಿದೆ. ಒಂದು ಸಲ ನಾನೇ ಅಳೆದು ನೋಡಬಹುದಿತ್ತು. ಟೇಪು ಕೈಗೆ ತಗೊಳ್ಳೋಕೆ ಭಯ. ನಿಮ್ಮ ಯಂತ್ರದ ಸದ್ದು ಕೇಳಿದಾಗೆಲ್ಲ ನೀವು ಸೊರಗಿದೀರಿ ಅಂದಿದ್ದೇ ಕಿವೀಲಿ ಕೇಳಿಸ್ತಿತ್ತು."

ದೊಡ್ಡಮ್ಮ ಚೀಟಿಗಳನ್ನು ಮುಂದೆ ಚಾಚಿ ಏನೋ ಹೇಳಲು ಹೋದಳು. ಟೀಚರಮ್ಮ ಬಾಗಿಲು ಹಾಕಿಕೊಂಡರು.

ಮನೆಗೆ ಬಂದವಳು ಊಟ ಮುಟ್ಟಲಿಲ್ಲ. ನನಗೆ ಮಾತ್ರ ಟೀಚರಮ್ಮನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಇನ್ನು ನಮ್ಮ ಐದು ಯಂತ್ರಗಳ ಗತಿ ಏನು ಎಂಬ ಚಿಂತೆ ಮಾತ್ರ ಉಳಿಯಿತು. ಆ ಹೆಂಗಸಿನ ಜಾಗದಲ್ಲಿ ನಾನಿದ್ದಿದ್ದರೆ ಐದನ್ನೂ ಒಡೆದುಹಾಕುತ್ತಿದ್ದೆ.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜಿನ ಆ ಕಡೆ ಅಧಿಕಾರಿ, ಈ ಕಡೆ ನಾವು, ನಮ್ಮ ಹಿಂದಿನ ಬೆಂಚಿನಲ್ಲಿ ಟೀಚರಮ್ಮ. ಕಡತ ಓದಿದರು. ಬೀದಿ ಮೂವತ್ತಡಿ ಮೇಲಿದೆ, ನಕ್ಷೆ ಸರಿಯಿದೆ, ಒಂದು ಆಕ್ಷೇಪಣೆ ಇದೆ. "ಅರ್ಜಿದಾರರು ಏನು ಹೇಳ್ತೀರಿ?"

ದೊಡ್ಡಮ್ಮ ಎದ್ದು ನಿಂತಳು. "ಸದ್ದು ಇರೋದು ನಿಜ. ಅವರು ಬರೆದದ್ದರಲ್ಲಿ ಸುಳ್ಳಿಲ್ಲ. ಆದ್ರೆ ನಾಲ್ಕು ಜನರನ್ನ ನಾನು ಮನೆಗೆ ಕಳಿಸಲ್ಲ ಸ್ವಾಮಿ. ಸದ್ದಿಗೆ ನೀವು ಏನು ಷರತ್ತು ಹಾಕಿದ್ರೂ ಒಪ್ತೀನಿ. ಯಂತ್ರದ ಕೆಳಗೆ ದಪ್ಪ ರಬ್ಬರು ಹಾಕ್ತೀನಿ, ಕಿಟಕಿ ಮುಚ್ಚಿಕೊಂಡು ಬೆವರ್ತೀನಿ. ಜನರನ್ನ ಕಳಿಸು ಅಂದ್ರೆ ಮಾತ್ರ ಆಗಲ್ಲ."

ಅಧಿಕಾರಿ ಹಿಂದಿನ ಬೆಂಚಿನ ಕಡೆ ನೋಡಿದರು. ಟೀಚರಮ್ಮ ಎದ್ದು ಕನ್ನಡಕ ಸರಿಮಾಡಿಕೊಂಡರು, ತರಗತಿಯಲ್ಲಿ ನಿಂತ ಹಾಗೆ.

"ಸಂಜೆ ಆರಕ್ಕೆ ಯಂತ್ರ ನಿಲ್ಲಬೇಕು. ಭಾನುವಾರ ಪೂರ್ತಿ ನಿಲ್ಲಬೇಕು. ರಬ್ಬರು ಅಂದ್ರಲ್ಲ, ಅದನ್ನೂ ಸೇರಿಸಿ. ಇಷ್ಟು ಷರತ್ತು ಬರೆದರೆ ನನ್ನ ಆಕ್ಷೇಪಣೆ ಇಲ್ಲ." ಕನ್ನಡಕ ತೆಗೆದು, "ಉಳಿದದ್ದು ನಿಮ್ಮ ಕಚೇರಿಗೆ ಸಂಬಂಧಪಟ್ಟದ್ದಲ್ಲ" ಎಂದು ಕೂತರು.

ಗುಮಾಸ್ತರು ಪೆನ್ಸಿಲ್ಲು ತೆಗೆದು ಷರತ್ತು ಬರೆದುಕೊಂಡರು.

ಅನುಮತಿ ಪತ್ರ ಎಂಬತ್ತನೇ ದಿನಕ್ಕೆ ಬಂತು. ಅದರ ಮುಂದಿನ ವಾರ, ಆರು ಗಂಟೆ ಹೊಡೆದು ಯಂತ್ರಗಳು ನಿಂತು, ಹೆಂಗಸರು ಚಪ್ಪಲಿ ಹುಡುಕಿಕೊಳ್ಳುವ ಹೊತ್ತಿಗೆ ಟೀಚರಮ್ಮ ಬೀದಿ ದಾಟಿ ಬಂದರು. ಕಂಕುಳಲ್ಲಿ ನೀಲಿ ಬಟ್ಟೆಯ ಪೊಟ್ಟಣ.

"ಚೀಟಿ ಕೊಡಿ" ಎಂದು ನಾನು ಕೈಚಾಚಿದೆ.

"ಚೀಟಿ ತಂದಿಲ್ಲ" ಅಂದರು. ನೇರ ದೊಡ್ಡಮ್ಮನ ಮುಂದೆ ಹೋಗಿ ನಿಂತು, ಎರಡೂ ತೋಳು ಮೈಯಿಂದ ಎತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ಅಳೆಯಿರಿ."

ದೊಡ್ಡಮ್ಮ ಹೊಸ ಟೇಪು ತೆಗೆದುಕೊಂಡಳು. ಸಾವಿರಾರು ಜನರನ್ನು ಅಳೆದ ಕೈ, ಆದರೂ ಮೊದಲ ಸಲ ತುದಿ ಕೈತಪ್ಪಿತು. ಎದೆಗೆ ಮತ್ತೆ ಸುತ್ತಿದಳು. ಬೆಳಕಿಗೆ ಬಗ್ಗಿ ಓದಿದಳು. ಸಾಲದೆಂದು ನನ್ನನ್ನೂ ಕರೆದು ಓದಿಸಿದಳು.

"ಮೂವತ್ತಾರು ಟೀಚರಮ್ಮಾ" ಅಂದಳು. "ನಿಮ್ಮ ಮೊದಲನೇ ಚೀಟೀಲೂ ಮೂವತ್ತಾರೇ ಇತ್ತು."

ಟೀಚರಮ್ಮ ಕಣ್ಣು ತೆರೆಯಲಿಲ್ಲ, ತೋಳೂ ಇಳಿಸಲಿಲ್ಲ. "ಇನ್ನೊಂದು ಸಲ ಅಳೆಯಿರಿ" ಅಂದರು. ದೊಡ್ಡಮ್ಮ ಇನ್ನೊಂದು ಸಲ ಅಳೆದಳು.